ಸತ್ತವಳ ಹೆಸರಿಗೆ ಬಂದ ಮನೆ

"ಸತ್ತು ಮಣ್ಣಾದ ಹೆಂಗಸು ಎದ್ದು ಬಂದು ಟಿಕೆಟ್ ಕೊಂಡ್ಲಾ? ಹೇಳಮ್ಮ ಫಿಡೆಲ್ಮಾ, ನೀನೇ ಹೇಳು!"

ಜಾರ್ಲಥ್ ಮೋರನ್ ಮೇಜಿನ ಮೇಲೆ ಗುದ್ದಿದ ಏಟಿಗೆ ಚಹಾದ ಲೋಟಗಳು ಕುಣಿದವು. ಫಿಡೆಲ್ಮಾ ಕ್ವಿರ್ಕ್ ಕಿಲ್‌ಕೊನ್ರಾ ಊರಿನ ಹರ್ಲಿಂಗ್ ಎಂಬ ಕೋಲು-ಚೆಂಡಾಟದ ಕ್ಲಬ್ಬಿನ ಕಾರ್ಯದರ್ಶಿ. ಅವಳ ಕಣ್ಣು ಹೋದದ್ದು ಕಿಟಕಿಯ ಪಕ್ಕದಲ್ಲಿ ಕೋಟು ಬಿಚ್ಚದೆಯೇ ಕುಳಿತಿದ್ದ ಮುದುಕನ ಕಡೆಗೆ.

ಮುದುಕನ ಹೆಸರು ಮ್ಯಾಲಕಿ ಟೂಹಿ. ಊರ ಠಾಣೆಯಲ್ಲಿ ಸಾರ್ಜೆಂಟ್ ಆಗಿದ್ದವನು. ಟೋಪಿ ಕಳಚಿಟ್ಟು ಎಷ್ಟೋ ವರ್ಷವಾಗಿದ್ದರೂ ಊರವರ ಬಾಯಲ್ಲಿ ಅವನು ಇನ್ನೂ ಸಾರ್ಜೆಂಟೇ. ಜಾರ್ಲಥ್ ಹೇಳಿದ ಆ ಮಣ್ಣಾದ ಹೆಂಗಸು ಅವನ ಹೆಂಡತಿ, ಅಟ್ರಾಕ್ಟಾ.

ಕಳೆದ ಭಾನುವಾರ ಕ್ಲಬ್ಬಿನ ಲಾಟರಿಯಲ್ಲಿ ಕೆರೆ ದಂಡೆಯ ಹೊಸ ಮನೆ ಅವಳ ಹೆಸರಿಗೆ ಬಂದಿತ್ತು. ಅವಳು ತೀರಿಕೊಂಡದ್ದು ಹೋದ ಕ್ರಿಸ್‌ಮಸ್ಸಿನ ಹಿಂದಿನ ವಾರ. ಟಿಕೆಟುಗಳು ಅಚ್ಚಾದದ್ದು ಅದಾದ ಮೇಲೆ, ಫೆಬ್ರವರಿಯಲ್ಲಿ.

ಸೋಮವಾರದೊಳಗೆ ಇದಕ್ಕೊಂದು ನಂಬುವ ಉತ್ತರ ಸಿಗದಿದ್ದರೆ ಲಾಟರಿ ರದ್ದು. ಎಲ್ಲರ ಹಣ ವಾಪಸು. ಆ ಹಣದಲ್ಲಿ ಏಳುತ್ತಿರುವ ಮೈದಾನದ ದೀಪದ ಕಂಬಗಳು ಅರ್ಧಕ್ಕೇ ನಿಲ್ಲುತ್ತವೆ, ಫಿಡೆಲ್ಮಾಳ ಮೇಲೆ ಮೋಸದ ಮೊಕದ್ದಮೆ ಬೀಳುತ್ತದೆ. ಮ್ಯಾಲಕಿಗೆ ಇವೆಲ್ಲಕ್ಕಿಂತ ಹೆಚ್ಚಾಗಿ ಎದೆಯಲ್ಲಿ ಚುಚ್ಚುತ್ತಿದ್ದದ್ದು ಬೇರೆಯೇ ಒಂದು ಸಂಗತಿ. ಬದುಕಿದ್ದಾಗ ಒಬ್ಬರ ಸೂಜಿಯನ್ನೂ ಮುಟ್ಟದ ಅಟ್ರಾಕ್ಟಾಳ ಹೆಸರು, ಇನ್ನು ಮುಂದೆ ಈ ಊರಲ್ಲಿ ಮೋಸದ ಮಾತು ಬಂದಾಗಲೆಲ್ಲ ನಾಲಗೆಗೆ ಬರುವ ಹೆಸರಾಗುತ್ತದೆ.

"ಹದಿನೈದು ಟಿಕೆಟ್ ಕೊಂಡಿದ್ದೀನಿ ನಾನು," ಜಾರ್ಲಥ್ ಬಿಡಲಿಲ್ಲ. "ಒಂದೊಂದಕ್ಕೆ ನೂರು ಯೂರೋ. ಹೆಂಡ್ತಿ ಹೊಸ ಒಲೆ ಕೇಳಿದ್ಲು. ಇರೇ, ಒಲೆ ಏನು, ಮನೇನೇ ಗೆದ್ದು ಕೊಡ್ತೀನಿ ಅಂದೆ. ಈಗ ಹಳೇ ಒಲೇನೂ ಹಚ್ಚೋಲ್ಲ ಅಂತ ಕೂತಿದ್ದಾಳೆ!"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಹತ್ತು ಸಾವಿರದಲ್ಲಿ ಹದಿನೈದು," ಎಂದ ಮ್ಯಾಲಕಿ. "ಜಾರ್ಲಥ್, ನೀನು ಕೊಂಡಿದ್ದು ಮನೆ ಅಲ್ಲಪ್ಪ. ದೀಪದ ಕಂಬ."

"ನನ್ನ ಮನೇಲಿ ಹರ್ಲಿಂಗ್ ಆಡೋರು ಒಬ್ಬರೂ ಇಲ್ಲ!"

"ಹಾಗಾದ್ರೆ ಕಂಬದ ಕೆಳಗೆ ನಿಂತು ಓದ್ಕೋ."

ಈ ಸಲ ಎಲ್ಲರೂ ನಕ್ಕರು. ಫಿಡೆಲ್ಮಾ ಒಬ್ಬಳು ನಗಲಿಲ್ಲ.

"ಬೇರೆ ಕಡೆ ಏನು ಮಾಡ್ತಾರೆ ಗೊತ್ತಲ್ಲ," ಎಂದಳು ಅವಳು, ಸಣ್ಣ ದನಿಯಲ್ಲಿ. "ಟಿಕೆಟ್ ಸಾಕಷ್ಟು ಹೋಗ್ಲಿಲ್ಲ ಅಂತ ಮನೆ ಬದಲು ಒಂದಿಷ್ಟು ದುಡ್ಡು ಕೈಗಿಟ್ಟು ಕಳಿಸ್ತಾರೆ. ನಾವು ಹಾಗೆ ಮಾಡ್ಲಿಲ್ಲ. ಒಂದೇ ಟಿಕೆಟ್ ಹೋದ್ರೂ ಮನೆ ಕೊಡ್ತೀವಿ ಅಂದ್ವಿ. ಊರಿನ ಗಾರೆಯವರು ಕೂಲಿ ತಗೊಳ್ಳದೆ ಗೋಡೆ ಎಬ್ಬಿಸಿದ್ರು. ಅಂಥದ್ರಲ್ಲಿ ನಾನು ಕದೀತೀನಾ?"

"ಕದ್ದೆ ಅನ್ನೋಲ್ಲಮ್ಮ," ಎಂದ ಜಾರ್ಲಥ್. ದನಿ ಒಂದಿಷ್ಟು ಇಳಿದಿತ್ತು. "ಟಿಕೆಟ್ ನಂಬರ್ ನಲವತ್ತೊಂದು. ಮೊದಲ ವಾರವೇ ಖಾಲಿಯಾದ ಪುಸ್ತಕದ್ದು. ಹೆಸರು ಸತ್ತವರದ್ದು. ಏನಂದ್ಕೋಬೇಕು ನಾವು?"

"ಎಷ್ಟು ಸಲ ಹೇಳ್ಲಿ? ಹಳೇ ಪುಸ್ತಕದಲ್ಲಿ ಒಂದು ಹಾಳೆ ಉಳಿದಿತ್ತು. ಕೊನೇ ವಾರ ಚರ್ಚಿನ ಬಾಗಿಲಲ್ಲಿ ಇಟ್ಟಿದ್ದ ಪೆಟ್ಟಿಗೇಲಿ ಒಂದು ಲಕೋಟೆ ಸಿಕ್ತು. ಒಳಗೆ ನೂರು ಯೂರೋ, ಮೇಲೆ ಆ ಹೆಸರು. ಇದ್ದ ಹಾಳೆ ಮೇಲೆ ಬರೆದು ಡ್ರಮ್ಮಿಗೆ ಹಾಕ್ದೆ."

"ಲಕೋಟೆ ಎಲ್ಲಿ?"

"ಒಲೇಲಿ. ಎಲ್ಲಾ ಲಕೋಟೆನೂ ಒಲೇಲೇ ಹಾಕ್ತೀವಿ."

ಮ್ಯಾಲಕಿ ಎದ್ದು ಅವಳ ಎದುರಿಗೆ ಬಂದು ಕುಳಿತ. ಅಟ್ರಾಕ್ಟಾಳನ್ನು ನೆನೆದರೆ ಅವನಿಗೆ ಆ ಲಕೋಟೆಯೇ ಅಸಂಬದ್ಧವಾಗಿ ಕಾಣುತ್ತಿತ್ತು. ಅವಳು ಹುಟ್ಟಿದಾರಭ್ಯ ಒಂದು ಲಾಟರಿಗೂ ಕೈ ಹಾಕಿದವಳಲ್ಲ. ಮನೆ ಲಾಟರಿ ಎಂದರಂತೂ ಮೂಗು ಮುರಿಯುತ್ತಿದ್ದಳು. 'ಕ್ಲಬ್ಬಿಗೆ ಕೊಡೋದಿದ್ರೆ ಕೈ ಎತ್ತಿ ಕೊಡಿ. ಮನೆ ಆಸೆಗೆ ಕೊಟ್ಟು ಆಮೇಲೆ ದಾನ ಮಾಡ್ದೆ ಅಂತ ಎದೆ ಉಬ್ಬಿಸ್ಬೇಡಿ. ಅಷ್ಟು ದುಡ್ಡಿಗೆ ಹಿತ್ತಿಲಲ್ಲಿ ಆಲೂಗೆಡ್ಡೆ ಹಾಕಿದ್ರೆ ಚಳಿಗಾಲ ಪೂರ್ತಿ ಊಟ' ಎನ್ನುತ್ತಿದ್ದಳು.

"ಲಕೋಟೆ ಮೇಲೆ ಹೆಸರು ಬಿಟ್ಟು ಇನ್ನೇನಿತ್ತಮ್ಮ?"

"ಏನೂ ಇಲ್ಲ, ಸಾರ್ಜೆಂಟ್."

"ಫೋನ್ ನಂಬರು?"

"ಇರಲಿಲ್ಲ."

"ವಿಳಾಸ?"

"ಬರೀ ಹೆಸರು."

ಮ್ಯಾಲಕಿ ಕಿಟಕಿಯಾಚೆ ನೋಡಿದ. ಹೊರಗೆ ಬೇಲಿಯ ಬುಡದಲ್ಲಿ ಬಾಲಯೇಸುವಿನ ಸಣ್ಣ ಮೂರ್ತಿ ಇನ್ನೂ ನಿಂತಿತ್ತು. ಚೀಟಿ ಎತ್ತುವ ದಿನ ಮಳೆ ಬಾರದಿರಲಿ ಎಂದು ಹಿಂದಿನ ಸಂಜೆ ಯಾರೋ ಇಟ್ಟದ್ದು. ಒಳಗೆ ತರುವುದನ್ನು ಈ ಗದ್ದಲದಲ್ಲಿ ಎಲ್ಲರೂ ಮರೆತಿದ್ದರು.

"ಜಾರ್ಲಥ್, ನೀನು ಹದಿನೈದು ಟಿಕೆಟ್ ಬರೆಸ್ದೆಯಲ್ಲ. ಫೋನ್ ನಂಬರ್ ಬರೆಸ್ದೆಯಾ?"

"ಬರೆಸ್ದೇ ಇರ್ತೀನಾ? ಮನೆ ಬಂದ್ರೆ ಗೊತ್ತಾಗೋದು ಹೇಗೆ? ನಂದು, ಹೆಂಡ್ತೀದು, ಅಂಗಡೀದು, ಮೂರೂ ಬರೆಸಿದ್ದೀನಿ."

"ನಂಬರ್ ಇಲ್ಲದೆ ಬರೀ ಹೆಸರು ಬರೆದು, ದುಡ್ಡಿಟ್ಟು, ಲಕೋಟೆ ಮುಚ್ಚಿ ಪೆಟ್ಟಿಗೆಗೆ ಹಾಕೋದು ಯಾವಾಗ ನಾವು?"

 ಹಿಂದಿನ ಬೆಂಚಿನ ಒಬ್ಬ ಅಜ್ಜಿ ಮೆಲ್ಲಗೆ ಶಿಲುಬೆಯ ಗುರುತು ಮಾಡಿಕೊಂಡಳು.

"ನವೆಂಬರಿನಲ್ಲಿ," ಎಂದಳು.

ಹೌದು, ನವೆಂಬರಿನಲ್ಲಿ. ಸತ್ತವರ ತಿಂಗಳು ಅದು. ಪ್ರತಿ ಮನೆಯವರೂ ತಮ್ಮವರ ಹೆಸರನ್ನು ಲಕೋಟೆಯ ಮೇಲೆ ಬರೆದು, ಒಳಗೆ ಕೈಲಾದಷ್ಟು ಕಾಣಿಕೆ ಇಟ್ಟು, ಚರ್ಚಿನ ಬಾಗಿಲ ಪೆಟ್ಟಿಗೆಗೆ ಹಾಕುತ್ತಾರೆ. ತಿಂಗಳು ಪೂರ್ತಿ ಆ ಲಕೋಟೆಗಳು ಬಲಿಪೀಠದ ಮೇಲಿರುತ್ತವೆ. ಪ್ರತಿದಿನದ ಪೂಜೆ ಆ ಆತ್ಮಗಳಿಗೆ ಸಲ್ಲುತ್ತದೆ. ಸತ್ತವರಿಗೆ ಫೋನ್ ನಂಬರು ಬೇಡ. ಅವರ ವಿಳಾಸ ದೇವರಿಗೆ ಗೊತ್ತು.

"ಎರಡೂ ಪೆಟ್ಟಿಗೆ ಒಂದೇ ಮೇಜಿನ ಮೇಲಿತ್ತಲ್ವಾ ಫಿಡೆಲ್ಮಾ?"

"ಹೌದು," ಎಂದಳು ಅವಳು. "ಅಕ್ಕಪಕ್ಕ. ನಮ್ಮದನ್ನೂ ಚರ್ಚಿನಿಂದಲೇ ಎರವಲು ತಂದಿದ್ವಿ. ಎರಡೂ ಒಂದೇ ಥರ." ಲೋಟದೊಳಗೆ ನೋಡುತ್ತ ಮತ್ತೆ ಹೇಳಿದಳು: "ನೋಟು ಸಣ್ಣಗೆ ಮಡಚಿತ್ತು ಸಾರ್ಜೆಂಟ್. ಕುರಿ ಔಷಧಿ ವಾಸನೆ ಬರ್ತಿತ್ತು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

ಕಿಲ್‌ಕೊನ್ರಾದಲ್ಲಿ ಈಗ ಕುರಿ ಸಾಕುವವನು ಒಬ್ಬನೇ. ಅವನ ಹೆಸರನ್ನು ಸಾರ್ಜೆಂಟಿನ ಎದುರು ಯಾರೂ ಎತ್ತುತ್ತಿರಲಿಲ್ಲ. ಜಾರ್ಲಥ್ ಕೂಡ ಚಾವಣಿ ನೋಡಿದ.

ಮ್ಯಾಲಕಿ ಟೋಪಿ ಹಾಕಿಕೊಂಡು ಹೊರಟ.

*

ಗುಡ್ಡದ ಮೇಲಿನ ಕಲ್ಲುಗೋಡೆಯ ಆಚೆ ಕೋಲ್ಮನ್ ಟೂಹಿ ಒಂದು ಕುರಿಯನ್ನು ಮೊಣಕಾಲ ನಡುವೆ ಅಮುಕಿಕೊಂಡು ಅದರ ಗೊರಸು ಕೆತ್ತುತ್ತಿದ್ದ. ಮ್ಯಾಲಕಿಯ ಒಡಹುಟ್ಟಿದ ಅಣ್ಣ. ಹಿಂದೊಮ್ಮೆ ಸಾರ್ಜೆಂಟ್ ಸಾಹೇಬರು ದೀಪವಿಲ್ಲದೆ ಟ್ರ್ಯಾಕ್ಟರ್ ಓಡಿಸಿದ್ದಕ್ಕೆ ಸ್ವಂತ ಅಣ್ಣನಿಗೇ ದಂಡ ಹಾಕಿಸಿದ್ದರು. ಅಂದು ನಿಂತ ಮಾತು ಮತ್ತೆ ಶುರುವಾಗಲಿಲ್ಲ. ಅಟ್ರಾಕ್ಟಾಳ ಶವಪೆಟ್ಟಿಗೆಯ ಒಂದು ಮೂಲೆಗೆ ಕೋಲ್ಮನ್ ಹೆಗಲು ಕೊಟ್ಟಿದ್ದ. ಕೊಟ್ಟು, ಮಣ್ಣು ಹಾಕಿ, ಯಾರ ಮುಖವನ್ನೂ ನೋಡದೆ ಗುಡ್ಡ ಹತ್ತಿದ್ದ.

ನಾಯಿ ಬೊಗಳಿತು. ಕೋಲ್ಮನ್ ತಲೆ ಎತ್ತಿದ.

"ಯಾರದು? ಓ, ನೀನಾ. ಏನು, ಟ್ರ್ಯಾಕ್ಟರ್ ದೀಪ ನೋಡೋಕೆ ಬಂದ್ಯಾ? ಎರಡೂ ಉರೀತಿದೆ."

"ಕೆಳಗೇ ನೋಡ್ದೆ. ಎಡಗಡೇದು ಮಂಕು."

"ಬರಿ ಮತ್ತೆ, ದಂಡದ ಚೀಟಿ ಬರಿ."

"ಪೆನ್ನು ತಂದಿಲ್ಲ."

ಕೋಲ್ಮನ್ ಕುರಿಯನ್ನು ಬಿಟ್ಟ. ಅದು ಎರಡು ಹೆಜ್ಜೆ ಕುಂಟಿ ಆಮೇಲೆ ನೆಟ್ಟಗೆ ಓಡಿತು. ಅವನು ತಮ್ಮನ ಕಡೆ ತಿರುಗಿದಾಗ ಬಲಗಣ್ಣಿನಲ್ಲಿ ಹಾಲು ಬಿದ್ದ ಹಾಗೆ ಪೊರೆ ಕಾಣಿಸಿತು. ಇನ್ನೊಂದು ಕಣ್ಣೂ ಅದೇ ದಾರಿ ಹಿಡಿದಿತ್ತು.

ಮ್ಯಾಲಕಿ ಸುತ್ತಿ ಬಳಸಲಿಲ್ಲ. "ಈ ತಿಂಗಳು ಚರ್ಚಿನ ಪೆಟ್ಟಿಗೆಗೆ ಲಕೋಟೆ ಹಾಕಿದ್ಯಾ ಕೋಲ್ಮನ್?"

"ಪೊಲೀಸ್ ಕೇಳ್ತಿದ್ದಾನಾ, ತಮ್ಮ ಕೇಳ್ತಿದ್ದಾನಾ?"

"ಪೊಲೀಸ್ ಯಾವತ್ತೋ ಪೆನ್ಶನ್ ತಗೊಂಡ."

"ಹಾಗಾದ್ರೆ ಹೇಳ್ತೀನಿ. ಹಾಕ್ದೆ. ಅಮ್ಮನ ಹೆಸರು ಹಾಕ್ದೆ." ಅವನು ಚಾಕುವನ್ನು ಪ್ಯಾಂಟಿಗೆ ಒರೆಸಿಕೊಂಡ. ಒಂದು ಕಡೆ ಒರೆಸಿ, ತಿರುಗಿಸಿ, ಇನ್ನೊಂದು ಕಡೆಯೂ ಒರೆಸಿದ. "ಅವಳ ಹೆಸರೂ ಹಾಕ್ದೆ."

"ನೂರು ಯೂರೋ ಇಟ್ಟು?"

"ಯಾಕೆ, ಜಾಸ್ತಿಯಾಯ್ತಾ? ಪ್ರತಿ ಶುಕ್ರವಾರ ಈ ಗೋಡೆ ಮೇಲೆ ಒಂದು ಸೋಡಾ ಬ್ರೆಡ್ಡು ಇಟ್ಟು ಹೋಗ್ತಿದ್ಲು. ಬಟ್ಟೇಲಿ ಸುತ್ತಿ, ಬಿಸಿಬಿಸಿ. ನಿನಗೆ ಗೊತ್ತಿತ್ತಾ?"

"ಇಲ್ಲ."

"ಪೊಲೀಸಂತೆ!" ಎಂದ ಕೋಲ್ಮನ್.

ಮ್ಯಾಲಕಿ ಗೋಡೆಯ ಮೇಲೆ ಕೈ ಇಟ್ಟ. ಮೇಲಿನ ಸಾಲಿನಲ್ಲಿ ಒಂದು ಚಪ್ಪಟೆ ಕಲ್ಲಿತ್ತು, ಬ್ರೆಡ್ಡಿನ ತಟ್ಟೆಯಷ್ಟು ಅಗಲ. ಶುಕ್ರವಾರಗಳಂದು ಅವಳು ಸಮಾಧಿಗಳಿಗೆ ಹೂ ಇಟ್ಟು ಬರುತ್ತೇನೆಂದು ಹೊರಡುತ್ತಿದ್ದಳು. ಹೂ ಇಟ್ಟು ಬರಲು ಇಷ್ಟು ತಡ ಯಾಕಾಯಿತು ಎಂದು ಅವನು ಒಂದು ದಿನವೂ ಕೇಳಿರಲಿಲ್ಲ.

"ನೀನು ಹಾಕಿದ್ದು ಬೇರೆ ಪೆಟ್ಟಿಗೆಗೆ," ಎಂದ ಕೊನೆಗೆ. "ಕ್ಲಬ್ಬಿನವರ ಲಾಟರಿ ಪೆಟ್ಟಿಗೆಗೆ ಬಿದ್ದಿದೆ ಅದು. ಅವರು ಅದನ್ನ ಟಿಕೆಟ್ ಅಂದ್ಕೊಂಡ್ರು. ಕೆರೆ ದಂಡೆ ಮನೆ ಅವಳಿಗೆ ಬಂದಿದ್ದು ಅದರಿಂದ."

ಕೋಲ್ಮನ್‌ನ ಬಾಯಿ ತೆರೆದೇ ಇತ್ತು. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ಅವನು ಗೋಡೆ ಹಿಡಿದುಕೊಂಡು ನಕ್ಕ. ನಾಯಿ ಗಾಬರಿಯಾಗಿ ಅವನ ಸುತ್ತ ಸುತ್ತಿತು.

"ನಾನು ಪೂಜೆ ಕೇಳಿದ್ರೆ ದೇವರು ಮನೆ ಕೊಟ್ಟುಬಿಟ್ನಾ? ಅವನಿಗೂ ಕಣ್ಣಿಗೆ ಪೊರೆ ಬಂತೋ ಏನೋ!"

"ನಿನಗೆ ನೆನಪಿದ್ಯಾ, ಯಾವ ಪೆಟ್ಟಿಗೆ ಅಂತ?"

"ಎರಡೂ ಕರೀ ಪೆಟ್ಟಿಗೆ ಕಣೋ. ಬಾಗಿಲಲ್ಲಿ ಬೆಳಕಿಲ್ಲ, ಕಣ್ಣಲ್ಲೂ ಇಲ್ಲ. ಎಡಗಡೇದಕ್ಕೆ ಹಾಕ್ದೆ ಅಂತ ನೆನಪು. ನನ್ನ ಎಡ ನನಗೆ ಯಾವತ್ತು ಸರಿಯಾಗಿ ಗೊತ್ತಿತ್ತು?"

"ಊರಿನವರ ಮುಂದೆ ಹೀಗೇ ಹೇಳ್ತೀಯಾ?"

"ಹೇಳ್ತೀನಿ. ಆದ್ರೆ ಒಂದು ಮಾತು. ಆ ಮನೆ ನನಗೆ ಬೇಡ. ಹೊಸಾ ಮನೆ, ಹೊಗೆ ಹೋಗೋಕೆ ಸರಿಯಾದ ಒಲೆ ಕೂಡ ಇಲ್ವಂತೆ. ಹಾಗಂತ ಲಾಟರಿಯೋರು ನನ್ನ ದುಡ್ಡು ಇಟ್ಕೊಂಡ್ರೆ ಅವಳ ಪೂಜೆ ಗತಿ ಏನು?"

"ಅದನ್ನ ನಾನು ನೋಡ್ಕೋತೀನಿ."

"ನೋಡ್ಕೋ," ಎಂದ ಕೋಲ್ಮನ್. ಆಮೇಲೆ ಗದ್ದದಿಂದ ಮನೆ ಬಾಗಿಲ ಕಡೆ ತೋರಿಸಿದ. "ನೀರು ಕುದೀತಿದೆ. ಕುಡಿದು ಹೋಗ್ತೀಯಾ, ಇಲ್ಲ, ಅದಕ್ಕೂ ಪರವಾನಗಿ ಬೇಕಾ?"

ಇಬ್ಬರೂ ಚಹಾ ಕುಡಿದರು.  ಕಿಟಕಿಯ ಅಂಚಿನಲ್ಲಿ ನೀಲಿ ಗೆರೆಯ ಒಂದು ಬಟ್ಟೆ ಒಗೆದು ಮಡಚಿ ಇಟ್ಟಿತ್ತು. ಅದು ತನ್ನ ಅಡುಗೆಮನೆಯದೆಂದು ಮ್ಯಾಲಕಿಗೆ ಗುರುತು ಸಿಕ್ಕಿತು. ಅವನು ಕೇಳಲಿಲ್ಲ, ಅಣ್ಣನೂ ಹೇಳಲಿಲ್ಲ.

*

ಕ್ಲಬ್ಬಿನಲ್ಲಿ ಕೋಲ್ಮನ್ ನಿಂತು ತನ್ನ ಮಾತಿನಲ್ಲೇ ಎಲ್ಲವನ್ನೂ ಹೇಳಿದ. ಮೊದಲು ಚಪ್ಪಾಳೆ ಹೊಡೆದವನು ಜಾರ್ಲಥ್. ಹೆಂಡತಿಗೆ ಹೇಳಲು ಈಗ ಅವನಿಗೊಂದು ಒಳ್ಳೆಯ ಕಥೆ ಸಿಕ್ಕಿತ್ತು. ಸತ್ತವಳ ಪುಣ್ಯದ ಎದುರು ಸೋತವನನ್ನು ಯಾವ ಹೆಂಡತಿ ತಾನೇ ಬೈದಾಳು?

"ಮುಂದಿನ ವರ್ಷ ನಾನೂ ಅಪ್ಪನ ಹೆಸರಲ್ಲೇ ಹಾಕ್ತೀನಿ," ಎಂದ.

"ನಿಮ್ಮಪ್ಪ ಬದುಕಿದ್ದಾಗಲೇ ಇಸ್ಪೀಟಲ್ಲಿ ಒಂದು ಸಲಾನೂ ಗೆದ್ದವನಲ್ಲ," ಎಂದ ಕೋಲ್ಮನ್. ಕೊಠಡಿ ನಗೆಯಿಂದ ತುಂಬಿಹೋಯಿತು.

ಮೊಕದ್ದಮೆಯ ಮಾತು ಅಲ್ಲಿಗೆ ಮುಗಿಯಿತು. ದೀಪದ ಕಂಬಗಳ ಕೆಲಸಕ್ಕೆ ಇನ್ನು ಅಡ್ಡಿಯಿರಲಿಲ್ಲ. ಮನೆ ಯಾರಿಗೆ ಸೇರಬೇಕೆಂಬುದನ್ನು ಸೋಮವಾರ ಅಣ್ಣತಮ್ಮಂದಿರೇ ಕೂತು ತೀರ್ಮಾನಿಸಲಿ ಎಂದರು. ಯಾರೋ ಹೋಗಿ ಬೇಲಿಯ ಬುಡದಿಂದ ಬಾಲಯೇಸುವನ್ನು ಎತ್ತಿ ತಂದು, ಒದ್ದೆಯನ್ನು ತಮ್ಮ ತೋಳಿನಿಂದಲೇ ಒರೆಸಿ ಕಪಾಟಿನ ಮೇಲೆ ಕೂರಿಸಿದರು. ಫಿಡೆಲ್ಮಾ ಮುಖ ಮುಚ್ಚಿಕೊಂಡು ಅತ್ತಳು. ಎಲ್ಲರೂ ಅದನ್ನು ಸಮಾಧಾನದ ಅಳು ಎಂದುಕೊಂಡರು.

ಮ್ಯಾಲಕಿಯೂ ಹಾಗೆಯೇ ಎಂದುಕೊಂಡ. ಚರ್ಚಿನ ಕಡೆ ನಡೆಯುವಾಗ ಅವನ ಮೈ ಹಗುರವಾಗಿತ್ತು. ಅಟ್ರಾಕ್ಟಾ ಹೋದ ಮೇಲೆ ಹಾಗೆ ಉಸಿರಾಡಿದ್ದು ಅದೇ ಮೊದಲು.

ಅವನ ಕೋಟಿನ ಒಳಜೇಬಿನಲ್ಲಿ ತಿಂಗಳ ಮೊದಲಿಂದಲೂ ಒಂದು ಖಾಲಿ ಲಕೋಟೆ ಇತ್ತು. ಎಲ್ಲರೂ ತಮ್ಮವರ ಹೆಸರು ಬರೆದುಕೊಟ್ಟರು, ಅವನಿಂದ ಆಗಿರಲಿಲ್ಲ. ಬರೆದರೆ ಅವಳು ಸತ್ತವರ ಸಾಲಿಗೆ ಸೇರುತ್ತಾಳೆ ಎನ್ನಿಸುತ್ತಿತ್ತು. ಬರೆಯದೆ ಇದ್ದರೆ ಇನ್ನೂ ಹಿತ್ತಿಲಲ್ಲೇ ಎಲ್ಲೋ ಇದ್ದಾಳೆ. ಅದು ಹುಚ್ಚೆಂದು ಅವನಿಗೂ ಗೊತ್ತಿತ್ತು. ದೇವರು ಅವನ ಹುಚ್ಚನ್ನು ಇಷ್ಟು ದಿನ ತಾಳಿಕೊಂಡಿದ್ದ.

ಸಂಜೆಯ ಪೂಜೆಗೆ ಇನ್ನೂ ಹೊತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಮ್ಯಾಲಕಿ ಹಿಂದಿನ ಬೆಂಚಿನಲ್ಲಿ ಮೊಣಕಾಲೂರಿ, ಮುಂದಿನ ಬೆಂಚಿನ ಹಲಗೆಯ ಮೇಲೆ ಲಕೋಟೆ ಇಟ್ಟು, ಮೇಣದ ಬತ್ತಿಯ ಬಳಿ ಸಿಕ್ಕ ಗಿಡ್ಡ ಪೆನ್ಸಿಲ್ಲಿನಿಂದ ಬರೆದ. ಅಟ್ರಾಕ್ಟಾ ಟೂಹಿ. ಬರೆದ ಮೇಲೆ ಏನೂ ಆಗಲಿಲ್ಲ. ಬತ್ತಿಗಳು ಮೊದಲಿನ ಹಾಗೆಯೇ ಉರಿದವು. ಅವಳು ದೂರ ಹೋದ ಹಾಗೆಯೂ ಅವನಿಗೆ ಅನ್ನಿಸಲಿಲ್ಲ. ಬದಲಿಗೆ, ಬಹಳ ಹೊತ್ತಿನಿಂದ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಬಂದು ಪಕ್ಕದಲ್ಲಿ ಕುಳಿತಂತೆ ಆಯಿತು.

ಅವನು ಎದ್ದು ಬಲಿಪೀಠದ ಬಳಿಗೆ ಹೋದ. ಹಣ ತೆಗೆದಿಟ್ಟು ಹೆಸರುಗಳನ್ನಷ್ಟೇ ಉಳಿಸಿದ ಲಕೋಟೆಗಳು ಬೆತ್ತದ ಬುಟ್ಟಿಯಲ್ಲಿ ತುಂಬಿದ್ದವು. ತನ್ನದಕ್ಕೆ ಜಾಗ ಮಾಡಲು ಎರಡು ಲಕೋಟೆಗಳನ್ನು ಬೆರಳಿನಿಂದ ಸರಿಸಿದ.

ವಾಸನೆ ಮೊದಲು ಬಂತು. ಧೂಪದ್ದಲ್ಲ, ಮೇಣದ್ದಲ್ಲ. ಕುರಿ ಔಷಧಿಯದ್ದು.

ಬುಟ್ಟಿಯ ಅಂಚಿನಲ್ಲಿದ್ದ ಆ ಲಕೋಟೆಯ ಮೇಲೆ ದೊಡ್ಡ ಅಕ್ಷರಗಳು ಗಾಳಿಗೆ ವಾಲಿದ ಬೇಲಿಯ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಒಟ್ಟಿಗೆ ಶಾಲೆಗೆ ಹೋದ ಅಣ್ಣನ ಕೈಬರಹವನ್ನು ಮ್ಯಾಲಕಿ ಕತ್ತಲಲ್ಲೂ ಗುರುತಿಸಬಲ್ಲ. ಮೊದಲ ಸಾಲಿನಲ್ಲಿ ಅಮ್ಮನ ಹೆಸರು. ಅದರ ಕೆಳಗೆ, ಅಟ್ರಾಕ್ಟಾ.

ಕೋಲ್ಮನ್ ತಪ್ಪು ಪೆಟ್ಟಿಗೆಗೆ ಹಾಕಿರಲಿಲ್ಲ.

 ಎರಡು ಹೆಸರಿನ ಲಕೋಟೆ ಇದು. ಫಿಡೆಲ್ಮಾ ಹೇಳಿದ್ದು ಒಂದೇ ಹೆಸರು. ಟಿಕೆಟ್ ನಂಬರ್ ನಲವತ್ತೊಂದು, ಹಳೆಯ ಪುಸ್ತಕದಲ್ಲಿ ಉಳಿದ ಹಾಳೆ ಎಂದಿದ್ದಳು. ಟಿಕೆಟುಗಳು ಹೊರಬಂದ ಮೊದಲ ವಾರದಲ್ಲೇ ಮುಗಿದಿದ್ದ ಪುಸ್ತಕದಲ್ಲಿ ಕೊನೆಯ ವಾರದವರೆಗೆ ಒಂದೇ ಒಂದು ಹಾಳೆ ಹೇಗೆ ಉಳಿಯಿತು? ಕುರಿ ಔಷಧಿಯ ವಾಸನೆಯನ್ನು ಅವನ ಮೂಗಿಗೆ ಹಿಡಿದವಳೂ ಅವಳೇ. ಸಮಾಧಾನ ಬೇಕಾಗಿದ್ದ ಮುದುಕ ಅದರ ಹಿಂದೆಯೇ ಗುಡ್ಡ ಹತ್ತಿದ.

"ನೋಡಿಬಿಟ್ರಾ, ಸಾರ್ಜೆಂಟ್?"

ಫಿಡೆಲ್ಮಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಕೆಂಪು ದಾರ ಕಟ್ಟಿದ ಹೊಸ ಬೀಗದ ಕೈ ಇತ್ತು.

"ಕೋಲ್ಮನ್ ಸರಿಯಾದ ಪೆಟ್ಟಿಗೆಗೇ ಹಾಕಿದ್ದಾನೆ," ಎಂದ ಮ್ಯಾಲಕಿ.

"ಗೊತ್ತು. ಹಾಕುವಾಗ ನಾನು ಪಕ್ಕದಲ್ಲೇ ಟಿಕೆಟ್ ಮಾರ್ತಾ ನಿಂತಿದ್ದೆ."

"ಗೊತ್ತಿದ್ದೂ ನನ್ನನ್ನ ಅವನ ಹತ್ರ ಕಳಿಸ್ದೆ?"

"ಇನ್ನೇನು ಮಾಡ್ಲಿ? ನೀವು ನಿಲ್ಲಿಸ್ತಾ ಇರ್ಲಿಲ್ಲ." ಅವಳು ನಡುವಿನ ದಾರಿಯಲ್ಲಿ ನಡೆದು ಬಂದಳು. ಬಂದು, ಪೀಠಕ್ಕೆ ಒಂದು ಮೊಣಕಾಲು ಬಗ್ಗಿಸಿ ಎದ್ದಳು. "ಮೋಸ ಮಾತ್ರ ಇಲ್ಲ ಸಾರ್ಜೆಂಟ್. ಈ ಪೀಠದ ಮುಂದೆ ನಿಂತು ಹೇಳ್ತಿದ್ದೀನಿ. ಆ ನೂರು ಯೂರೋ ಅಟ್ರಾಕ್ಟಾ ಅವರದ್ದೇ. ಆಸ್ಪತ್ರೇಲಿ, ಕೊನೇ ದಿನಗಳಲ್ಲಿ, ದಿಂಬಿನ ಕೆಳಗಿಂದ ತೆಗೆದು ಕೊಟ್ರು. ಕ್ಲಬ್ಬಿನವರು ಮನೆ ಲಾಟರಿ ಮಾಡ್ತೀರಂತಲ್ಲ, ಟಿಕೆಟ್ ಅಚ್ಚಾದ ತಕ್ಷಣ ನನ್ನ ಹೆಸರಿಗೊಂದು ಬರಿ ಅಂದ್ರು."

"ಅಟ್ರಾಕ್ಟಾ? ಲಾಟರಿಗೆ?"

"ನಾನೂ ಹಾಗೇ ಕೇಳ್ದೆ. ಜೀವನದಲ್ಲಿ ಒಂದು ಸಲ ಮನೆ ಆಸೆ ಬಂದಿದೆ ಕಣೇ, ನಗಬೇಡ ಅಂದ್ರು."

ಮ್ಯಾಲಕಿ ಬೆಂಚಿನ ತುದಿಗೆ ಕುಳಿತುಬಿಟ್ಟ. ಎದೆಯ ಮೇಲಿಂದ ಎರಡನೆಯ ಸಲ ಒಂದು ಕಲ್ಲು ಇಳಿದಂತಾಯಿತು. ಮೋಸವಿಲ್ಲ. ಅವಳ ಹೆಸರಿಗೆ ಮಸಿ ಇಲ್ಲ. ಅವಳದೇ ಹಣ, ಅವಳದೇ ಟಿಕೆಟ್ಟು.

"ಇದನ್ನ ಮೊದಲೇ ಹೇಳಿದ್ರೆ ಏನಾಗ್ತಿತ್ತಮ್ಮ? ಜೈಲಿಗೆ ಹೋಗೋ ತನಕ ಬಾಯಿ ಮುಚ್ಕೊಂಡಿರ್ತಿದ್ಯಾ?"

"ಜಪಸರ ಕೈಗೆ ಕೊಟ್ಟು ಮಾತು ತಗೊಂಡಿದ್ರು. ಮನೆ ಬರದಿದ್ರೆ ಸುಮ್ಮನಿರು, ಬಂದ್ರೆ ಯಾರಿಗೆ ಸೇರ್ಬೇಕು ಅಂತ ಹೇಳಿದ್ದೀನೋ ಅವರಿಗೆ ಬೀಗದ ಕೈ ಕೊಡು ಅಂತ."

ಮ್ಯಾಲಕಿ ನಕ್ಕ. ಕಣ್ಣು ತುಂಬಿತ್ತು. ಸಾಯುವ ಹೊತ್ತಿನಲ್ಲೂ ತನ್ನ ಮುದುಕನಿಗೆ ಸೋರದ ಸೂರೊಂದನ್ನು ಹೊಂಚಿದ್ದಳು. ಅವನು ಕೈ ಚಾಚಿದ.

ಫಿಡೆಲ್ಮಾ ಬೀಗದ ಕೈಯನ್ನು ಮುಷ್ಟಿಯೊಳಗೆ ಎಳೆದುಕೊಂಡಳು.

"ನಿಮಗಲ್ಲ, ಸಾರ್ಜೆಂಟ್," ಎಂದಳು, ತೆರೆದ ಬಾಗಿಲಾಚೆ ಗುಡ್ಡದ ಕಡೆ ನೋಡುತ್ತ.